ಗೋಡೆಯಾಚೆಯ ತಾಲೀಮು

ಪುಣೆಯ ಸರ್ವೆ ಕಚೇರಿಯ ಗುಮಾಸ್ತ ಈರಬಸಪ್ಪನಿಗೆ ೧೯೩೬ರ ಜನವರಿಯಲ್ಲಿ ಆದ ಅವಮಾನ ಸಣ್ಣದಲ್ಲ. ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೊದಲ ಭಾನುವಾರ ಊರಿನ ಕಚೇರಿಗಳ ಮತ್ತು ದಂಡಿನವರ ನಡುವೆ ಹಗ್ಗ ಜಗ್ಗಾಟದ ಪಂದ್ಯ ನಡೆಯುತ್ತಿತ್ತು. ಒಂದೊಂದು ಕಡೆಗೆ ಎಂಟೆಂಟು ಜನ. ಆ ವರ್ಷ ಸರ್ವೆ ಕಚೇರಿಯವರಿಗೆ ಮೊದಲ ಸುತ್ತಿನಲ್ಲಿಯೇ ರೈಲ್ವೆ ಗೂಡ್ಸ್ ಶೆಡ್ಡಿನವರು ಎದುರಾದರು. ಸೀಟಿ ಊದಿದ್ದು ಕೇಳಿಸಿತು. ಅದರ ಸದ್ದು ಅಡಗುವ ಮೊದಲೇ ಸರ್ವೆ ಕಚೇರಿಯ ಎಂಟೂ ಜನ ಗೆರೆಯ ಆಚೆ ಮುಗ್ಗರಿಸಿ ಬಿದ್ದಿದ್ದರು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಈರಬಸಪ್ಪನ ಧೋತರದ ಚುಂಗು ಹಿಂದಿನವನ ಕಾಲಡಿ ಸಿಕ್ಕಿಕೊಂಡು, ಈರಬಸಪ್ಪ ಹಗ್ಗದ ಜೊತೆ ಮುಂದೆ ಹೋದ, ಧೋತರ ಹಿಂದೆಯೇ ಉಳಿಯಿತು. ಮೈದಾನದ ತುಂಬ ನಗು.

ಗೂಡ್ಸ್ ಶೆಡ್ಡಿನ ತಂಡದ ಮುಖಂಡ ದಿಗಂಬರ ಈರಬಸಪ್ಪನ ನೆರೆಯವನೇ ಆಗಿದ್ದದ್ದು ಇನ್ನೂ ಕೆಟ್ಟದಾಯಿತು. ಶುಕ್ರವಾರ ಪೇಠೆಯ ಹಳೆಯ ವಾಡೆಯೊಂದರಲ್ಲಿ ಇಬ್ಬರ ಬಿಡಾರ. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ದಿಗಂಬರ ಮರಾಠಿಯವನಾದರೂ ಹತ್ತು ವರ್ಷ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ ಮಾಡಿ ಬಂದವನು. ಅಲ್ಲಿ ಕಲಿತ ಕನ್ನಡವನ್ನು ಆ ವರ್ಷವಿಡೀ ಅವನು ಒಂದೇ ಕೆಲಸಕ್ಕೆ ಬಳಸಿದ. ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತ ನಿಂತು, ಆಫೀಸಿಗೆ ಹೊರಟ ಈರಬಸಪ್ಪನನ್ನು ಕೇಳುತ್ತಿದ್ದ:

"ಈರಬಸಪ್ಪನವರ, ಧೋತರ ಗಟ್ಟಿ ಉಟ್ಟೀರಿಲ್ರಿ?"

ಬಾಗಲಕೋಟೆಯ ಕಡೆಯಿಂದ ಬಂದ ಈರಬಸಪ್ಪ ಮೂವತ್ತಾರು ವಯಸ್ಸಿನ, ಕೋಲಿನಂಥ ಮೈಯ ಮನುಷ್ಯ. ಉಂಡದ್ದು ಅರಗುತ್ತಿರಲಿಲ್ಲ, ಅಂದದ್ದು ಮರೆಯುತ್ತಿರಲಿಲ್ಲ. ದಸರೆಯ ಹೊತ್ತಿಗೆ ಮುಂಬಯಿಯಿಂದ ಅಂಚೆಯಲ್ಲಿ ವ್ಯಾಯಾಮದ ಪಾಠಗಳನ್ನು ತರಿಸಿಕೊಂಡ. ಒಟ್ಟು ಇಪ್ಪತ್ತನಾಲ್ಕು ಪಾಠ. ಮೊದಲ ಹಾಳೆಯ ಮೇಲೆ ಮೈತುಂಬ ಎಣ್ಣೆ ಹಚ್ಚಿಕೊಂಡು, ತೋಳು ಮಡಚಿ, ಯಾರೋ ತನ್ನ ಚಪ್ಪಲಿ ಕದ್ದಿದ್ದಾರೆ ಎಂಬಂತೆ ದುರುಗುಟ್ಟಿ ನೋಡುವ ಗಂಡಸಿನ ಚಿತ್ರ. ಆ ಪಾಠಗಳ ತಿರುಳು ಇಷ್ಟೇ: ಮನುಷ್ಯನ ಶಕ್ತಿ ಹಂಡೆಯೊಳಗಿನ ನೀರಿದ್ದಂತೆ. ತೋಡಿದಷ್ಟೂ ಬರಿದಾಗುತ್ತದೆ. ಆದ್ದರಿಂದ ಪಂದ್ಯಕ್ಕೆ ಮೊದಲು ಮೈಯನ್ನು ದಣಿಸಬಾರದು. ಆಳವಾಗಿ ಉಸಿರೆಳೆದು, ತುತ್ತನ್ನು ಚೆನ್ನಾಗಿ ನುರಿಸಿ, ಕನ್ನಡಿಯ ಮುಂದೆ ಹಗುರವಾದ ಮರದ ಗುಂಡು ಎತ್ತಿ, ಶಕ್ತಿಯನ್ನು ಕೂಡಿಡಬೇಕು.

ಈರಬಸಪ್ಪ ಇದನ್ನು ವಿಜ್ಞಾನವೆಂದು ನಂಬಿದ. ಸುಪರಿಂಟೆಂಡೆಂಟ್ ಮಧುಕರರಾವ್ ಸಾಹೇಬರ ಮುಂದೆ ಎರಡು ಪಾಠ ಓದಿ ತೋರಿಸಿ, ಸಂಜೆ ಅರ್ಧ ತಾಸು ಮೊದಲೇ ಕೆಲಸ ಬಿಡಲು ಅಪ್ಪಣೆ ಪಡೆದ. ಕಚೇರಿಯ ಹಿಂದಿನ ಪಡಸಾಲೆಯಲ್ಲಿ ಎಂಟು ಗುಮಾಸ್ತರು ಅಂಗಿ ಕಳಚಿ, ಕಣ್ಣು ಮುಚ್ಚಿ, ಮೂಗಿನಿಂದ ಸುಂಯ್ ಎಂದು ಉಸಿರೆಳೆಯತೊಡಗಿದರು. ಪ್ರತಿ ಶನಿವಾರ ಎಲ್ಲರ ನಾಡಿಯ ಎಣಿಕೆ, ಎದೆಯ ಅಳತೆ. ಕಚೇರಿಯಲ್ಲಿದ್ದದ್ದು ಹೊಲ ಅಳೆಯುವ ಟೇಪು; ಅದನ್ನೇ ಸುತ್ತಿ ಅಳೆದು ನಕಾಶೆಯ ಕಾಗದದ ಮೇಲೆ ಬರೆಯುತ್ತಿದ್ದರು. ರೆಕಾರ್ಡು ಕೋಣೆಯ ಕಾಡಪ್ಪ ತಂಡದ ಕೊನೆಯಾಳು. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವನು. ತೂಕ ಇನ್ನೂರ ಮೂವತ್ತು ಪೌಂಡು. ಅವನ ಎದೆ ಮೂರು ವಾರದಲ್ಲಿ ಒಂದು ಇಂಚು ಹೆಚ್ಚಿದಾಗ ಈರಬಸಪ್ಪ ಹಿಗ್ಗಿದ. ಕಾಡಪ್ಪ ದಿನಾಲು ಸಂಜೆ ಸಂಕಪ್ಪನ ಹೋಟೆಲಿನ ಹಿಂಬಾಗಿಲಲ್ಲಿ ಕುಳಿತು ಒಂದು ತಟ್ಟೆ ಗೋಳಿಬಜೆ ತಿನ್ನುತ್ತಿದ್ದದ್ದು ಆಗ ಅವನಿಗೆ ಗೊತ್ತಿರಲಿಲ್ಲ.

ಹಗ್ಗವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಿದರೆ ಹಂಡೆ ಖಾಲಿಯಾಗುತ್ತಿತ್ತಲ್ಲ!

ದೀಪಾವಳಿ ಮುಗಿದ ಮರುವಾರ ಒಂದು ಸಂಜೆ ಈರಬಸಪ್ಪ ಹೆಂಡತಿ ಬಸವಣ್ಣೆವ್ವನಿಗೆ ಹೊಸ ಪಾಠವನ್ನು ಓದಿ ಹೇಳಿದ. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು ಎಂದಿತ್ತು ಅದರಲ್ಲಿ. ಮರುದಿನ ಬೆಳಿಗ್ಗೆ ನೋಡಿದರೆ ದಿಗಂಬರ ತನ್ನ ಬಾಗಿಲಲ್ಲಿ ಭಾಕ್ರಿ ಹಿಡಿದು ಕುಳಿತಿದ್ದ. ದವಡೆ ನಿಧಾನವಾಗಿ ಆಡುತ್ತಿತ್ತು. ಎಡಗೈ ಹೆಬ್ಬೆರಳು ಒಂದೊಂದೇ ಗೆಣ್ಣಿನ ಮೇಲೆ ಸರಿಯುತ್ತ ಲೆಕ್ಕ ಹಿಡಿಯುತ್ತಿತ್ತು.

ಈರಬಸಪ್ಪ ಅಲ್ಲಿಯೇ ನಿಂತುಬಿಟ್ಟ. ಗೋಡೆಯ ಆಚೆಗೆ ಎಲ್ಲವೂ ಕೇಳಿಸುತ್ತಿತ್ತು! ಮೊದಲು ಸಿಟ್ಟು ಬಂತು. ಮೂಲೆ ತಿರುಗಿ ಓಣಿಗೆ ಬರುವ ಹೊತ್ತಿಗೆ ಸಿಟ್ಟು ಹೋಗಿ, ಬಹಳ ದಿನಗಳಿಂದ ಬಾರದಿದ್ದ ಒಂದು ಸಂತೋಷ ಬಂತು.

ಆ ಸಂಜೆ ಈರಬಸಪ್ಪ ಪಾಠದ ಹಾಳೆ ಹಿಡಿದು, ಹೆಂಡತಿಗೆ ಬೆನ್ನು ಹಾಕಿ, ಹಲಗೆ ಗೋಡೆಗೆ ಮುಖ ಮಾಡಿ ಕುಳಿತ.

"ಕೇಳಾಕತ್ತೀಯೇನ? ಇದು ಭಾಳ ಗುಟ್ಟಿನ ಪಾಠ. ಯಾರ ಮುಂದೂ ಬಾಯಿ ಬಿಡಬ್ಯಾಡ."

"ನಾ ಯಾಕ ಬಿಡಲಿ? ನೀವು ಹಿಂಗ ಒದರಿದ್ರ ಬಾವಿಕಟ್ಟಿ ತನಕಾ ಕೇಳತದ," ಎಂದಳು ಬಸವಣ್ಣೆವ್ವ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

ಈರಬಸಪ್ಪ ಹಿಂದೆ ತಿರುಗಿ, ಹುಬ್ಬು ಹಾರಿಸಿ, ಗೋಡೆಯ ಕಡೆ ಕಣ್ಣು ಮಾಡಿದ. ಬಸವಣ್ಣೆವ್ವ ಗೋಡೆ ನೋಡಿದಳು, ಗಂಡನನ್ನು ನೋಡಿದಳು. ತಿಳಿಯಿತು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಕ್ಕು, ಆಮೇಲೆ ಬಯಲಾಟದ ರಾಣಿಯ ದನಿಯಲ್ಲಿ ಕೇಳಿದಳು:

"ಹೌದೇನ್ರೀ! ಎಂಥಾ ಗುಟ್ಟರೀ ಅದು?"

"ಬೆನ್ನಿಗೆ ಉಸುಕಿನ ಚೀಲ ಕಟ್ಟಿಕೊಂಡು ಪರ್ವತಿ ಗುಡ್ಡದ ಪಾವಟಿಗಿ ಹತ್ತಬೇಕು. ಹತ್ತು ಸೇರು ಉಸುಕು."

"ಅಯ್ಯ ಶಿವನ! ಎಷ್ಟ ಸಲರೀ?"

ಇಪ್ಪತ್ತು ಸಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಒಮ್ಮೆಲೇ ಅಷ್ಟು ಹೇಳಿದರೆ ದಿಗಂಬರನಿಗೆ ಅನುಮಾನ ಬಂದೀತು ಎಂದು ಈರಬಸಪ್ಪ ತಡೆದುಕೊಂಡ. "ಮೊದಲ್ನೇ ವಾರ ದಿನಾ ಎರಡು ಸಲ. ಎರಡ್ನೇ ವಾರ ಮೂರು. ಹಂಗ ಒಂದೊಂದ ಏರಸ್ಕೋತ ಹೋಗಬೇಕು. ಚೀಲದಾಗ ಉಸುಕೂ ಏರಸಬೇಕು."

ಪರ್ವತಿಯ ಮೆಟ್ಟಿಲುಗಳು ನೂರಕ್ಕೂ ಹೆಚ್ಚು. ಅವನ ಲೆಕ್ಕದಲ್ಲಿ ಗೂಡ್ಸ್ ಶೆಡ್ಡಿನ ಎಂಟು ಹಂಡೆಗಳು ಒಂದು ತಿಂಗಳಲ್ಲಿ ತಳ ಕಾಣಬೇಕಿತ್ತು.

ಮೂರನೆಯ ದಿನ ನಸುಕಿನಲ್ಲಿ ಎದ್ದು, ಕಂಬಳಿ ಹೊದ್ದು, ಗುಡ್ಡದ ಬುಡದ ಆಲದ ಮರದ ಹಿಂದೆ ನಿಂತು ನೋಡಿದ. ದಿಗಂಬರ ಮತ್ತು ಅವನ ಏಳು ಜನ ಬೆನ್ನಿಗೆ ಚೀಲ ಕಟ್ಟಿಕೊಂಡು ಹತ್ತುತ್ತಿದ್ದರು. ಅರ್ಧ ದಾರಿಯಲ್ಲಿ ಒಬ್ಬ ಕುಳಿತ, ಇನ್ನೊಬ್ಬ ಮಲಗಿದ. ಇಳಿದು ಬರುವಾಗ ಎಂಟೂ ಜನರ ಕಾಲು ಆಗತಾನೇ ಹುಟ್ಟಿದ ಕರುವಿನ ಕಾಲಿನಂತೆ ನಡುಗುತ್ತಿದ್ದವು. ಈರಬಸಪ್ಪ ಕಂಬಳಿಯೊಳಗೇ ನಕ್ಕು ಮನೆಗೆ ಬಂದ. ಅಂದು ಮೊದಲ ಬಾರಿಗೆ ಅವನಿಗೆ ಎರಡು ರೊಟ್ಟಿ ಅರಗಿತು.

ಅಲ್ಲಿಂದ ಮುಂದೆ ಅವನ ಕಲ್ಪನೆಗೆ ರೆಕ್ಕೆ ಬಂದವು. ಮನುಷ್ಯನನ್ನು ಹಣ್ಣು ಮಾಡುವ ಉಪಾಯ ಯಾವುದೆಂದು ಆಫೀಸಿನಲ್ಲಿ ಕುಳಿತು ಯೋಚಿಸುತ್ತಿದ್ದ. ಸಂಜೆ ಗೋಡೆಗೆ ಓದುತ್ತಿದ್ದ. ಆಲದ ಮರಕ್ಕೆ ಹಗ್ಗ ಕಟ್ಟಿ, ಇಪ್ಪತ್ತು ಎಣಿಸುವ ತನಕ ಎಂಟೂ ಜನ ಜಗ್ಗಿ ಹಿಡಿಯಬೇಕು ಎಂದ. ಮರವಂತೂ ಬರುವುದಿಲ್ಲ, ಶಕ್ತಿ ಮಾತ್ರ ವ್ಯರ್ಥ ಸೋರುತ್ತದೆ ಎಂಬುದು ಅವನ ಎಣಿಕೆ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆಯೇ ಕುರ್ಚಿಯ ಮೇಲೆ ಕೂತಂತೆ ಕೂಡಬೇಕು ಎಂದ. ಅದನ್ನು ಓದಿ ಮುಗಿಸಿದ ಸ್ವಲ್ಪ ಹೊತ್ತಿಗೆ ಹಲಗೆ ಗೋಡೆ ಕಿರ್ರೆಂದಿತು. ಆಮೇಲೆ ಆಚೆಯಿಂದ ಭಾರವಾದದ್ದೇನೋ ದೊಪ್ಪನೆ ಬಿದ್ದ ಸದ್ದು ಬಂತು. ಬಸವಣ್ಣೆವ್ವ ಒಲೆಯ ಹತ್ತಿರ ಹೊಟ್ಟೆ ಹಿಡಿದುಕೊಂಡು ಉರುಳಿದಳು.

"ಉಣ್ಣಾಕ ಏನರೀ?" ಎಂದು ಇನ್ನೊಂದು ದಿನ ಅವಳೇ ಕೇಳಿದಳು, ಆಟ ಕಳೆಗಟ್ಟಲೆಂದು.

"ಹೊಟ್ಟಿ ಬಿರಿಯೂ ಹಂಗ ಉಣಬೇಕು. ಭಾಕ್ರಿ, ಝುಣಕಾ, ಹಾಲು. ನಡಬರಕ ಶೇಂಗಾ ಬೆಲ್ಲ. ಹಸಿವಿ ಹತ್ತಿದಾಗೆಲ್ಲಾ ಉಣಬೇಕು." ಹೊಟ್ಟೆ ಭಾರವಾದವನು ಹಗ್ಗ ಹಿಡಿದು ತೂಕಡಿಸುತ್ತಾನೆ ಎಂದು ಅವನ ನಂಬಿಕೆ.

"ರವಿವಾರ?"

ರವಿವಾರ ಈರಬಸಪ್ಪನ ಎಣ್ಣೆಸ್ನಾನದ ದಿನ. ಹಿಂದಿನ ಸಂಜೆ ಹೊಸ ಸುಳ್ಳು ಹೊಸೆಯಲು ಬೇಸರ. "ರವಿವಾರ ಏನೂ ಮಾಡಬಾರದು," ಎಂದುಬಿಟ್ಟ.

ಡಿಸೆಂಬರ್ ನಡುವಿನಲ್ಲಿ ಬಸವಣ್ಣೆವ್ವ ಬಾವಿಯಿಂದ ಕೊಡ ಹೊತ್ತು ತಂದವಳು ನಗಲಿಲ್ಲ.

"ರೀ, ನೀವು ಏನ ಓದಾಕತ್ತೀರೋ ಏನೋ. ದಿಗಂಬರಣ್ಣ ಇವತ್ತ ಎರಡೂ ತುಂಬಿದ ಕೊಡ ಒಂದ ಕೈಲೆ ಎತ್ತಿ ಕಟ್ಟಿ ಮ್ಯಾಲ ಇಟ್ಟಾ. ಆತನ ಮೀನಖಂಡ ನೋಡೀರೇನು? ಒನಕಿ ಆಗ್ಯಾವ."

"ಅದು ಆರೂ ಮುಂಚಿನ ದೀಪಾ," ಎಂದ ಈರಬಸಪ್ಪ. "ಇನ್ನ ಎಂಟ ದಿವಸ ತಡಿ. ಸೊರಗಿ ಕಡ್ಡಿ ಆಗತಾನ."

ಆದರೂ ಮನಸ್ಸಿಗೆ ಒಂದು ಮುಳ್ಳು ನಟ್ಟಿತು. ಮರುದಿನ ನಸುಕಿನಲ್ಲಿ ಪರ್ವತಿಗೆ ಹೋದ. ಈ ಸಲ ಬುಡದಲ್ಲಿ ಯಾರೂ ಕಾಣಲಿಲ್ಲ; ಮೇಲೆಲ್ಲೋ ಮರಾಠಿ ಲಾವಣಿಯ ದನಿ ಕೇಳಿಸಿತು. ಈರಬಸಪ್ಪ ಬರಿಗೈಯಲ್ಲಿ ಹತ್ತಿದ. ನಲವತ್ತನೇ ಮೆಟ್ಟಿಲಿಗೆ ಏದುಸಿರು ಬಂತು, ಎಂಬತ್ತನೆಯದಕ್ಕೆ ಕಣ್ಣಿಗೆ ಚುಕ್ಕೆ ಬಂದವು. ತುದಿ ಮುಟ್ಟಿ ಕಟ್ಟೆಯ ಮೇಲೆ ಕುಸಿದಾಗ ಎದುರಿಗೆ ದಿಗಂಬರ ನಿಂತಿದ್ದ. ಬೆನ್ನ ಮೇಲೆ ಇಪ್ಪತ್ತು ಸೇರಿನ ಚೀಲ. ಇದು ಅವನ ಆರನೆಯ ಸುತ್ತು. ಹಾಡುತ್ತಿದ್ದವನು ಅವನೇ.

"ಅರೇ, ಈರಬಸಪ್ಪನವರ! ದೇವರ ದರ್ಶನಕ್ಕ ಬಂದೀರೇನ್ರಿ?"

"ಹೂಂ... ಹೂಂ..." ಎನ್ನುವುದಕ್ಕಷ್ಟೇ ಈರಬಸಪ್ಪನಲ್ಲಿ ಗಾಳಿ ಉಳಿದಿತ್ತು.

"ಬಂದದ್ದು ಛಲೋ ಆತು. ನಿಮಗ ನಾಡಿ ನೋಡಾಕ ಬರತದಂತಲ್ಲ, ನಂದೊಂದೀಟ ನೋಡ್ರಿ," ಎಂದು ದಿಗಂಬರ ಚೀಲ ಇಳಿಸಿ ಮಣಿಕಟ್ಟು ಮುಂದೆ ಚಾಚಿದ. ಮುಖದಲ್ಲಿ ಬರೀ ಭಕ್ತಿ.

ಈರಬಸಪ್ಪ ಕಿಸೆಯ ಗಡಿಯಾರ ತೆಗೆದು ಎಣಿಸಿದ. ಮೊದಲ ನಿಮಿಷ ನೂರಾ ಹತ್ತು. ಎರಡನೆಯ ನಿಮಿಷ ಎಂಬತ್ತೆಂಟು. ಮೂರನೆಯ ನಿಮಿಷಕ್ಕೆ ಎಪ್ಪತ್ತೆರಡಕ್ಕೆ ಬಂದು, ಮನೆಯ ಅಂಗಳದಲ್ಲಿ ಕುಳಿತವನ ನಾಡಿಯಂತೆ ಸಾವಕಾಶವಾಗಿ ಬಡಿಯತೊಡಗಿತು. ಕಳ್ಳತನದಿಂದ ತನ್ನ ನಾಡಿಯನ್ನೂ ಹಿಡಿದು ನೋಡಿದ. ಇನ್ನೂ ನೂರಾ ಮೂವತ್ತು!

"ಹ್ಯಾಂಗದ ರೀ?"

"ಅದ... ಪರವಾ ಇಲ್ಲ," ಎಂದ ಈರಬಸಪ್ಪ. ಇಳಿಯುವಾಗ ದಾರಿಯುದ್ದಕ್ಕೂ ಎಪ್ಪತ್ತೆರಡು, ನೂರಾ ಮೂವತ್ತು ಎಂದು ಲೆಕ್ಕ ಹಾಕುತ್ತ ಬಂದ.

ಮೈ ಹಂಡೆಯಾಗಿದ್ದರೆ ದಿಗಂಬರ ಇಷ್ಟು ಹೊತ್ತಿಗೆ ಒಣಗಿರಬೇಕಿತ್ತು. ತೋಡಿದಷ್ಟೂ ಅವನಲ್ಲಿ ನೀರು ಏರಿತ್ತು. ಇದು ಅಂಚೆಯ ಇಪ್ಪತ್ತನಾಲ್ಕು ಪಾಠಗಳಲ್ಲಿ ಎಲ್ಲಿಯೂ ಇರಲಿಲ್ಲ. ಓದುವುದನ್ನು ನಿಲ್ಲಿಸೋಣವೆಂದರೆ, ನಿಲ್ಲಿಸಿದರೂ ಅವರು ಹತ್ತುವುದನ್ನು ನಿಲ್ಲಿಸುವ ಲಕ್ಷಣವಿರಲಿಲ್ಲ. ಅದಾದ ಮೂರನೆಯ ವಾರ ಈರಬಸಪ್ಪನಿಗೆ ಉಪಾಯ ಹೊಳೆಯಿತು. ಕೆಲಸ ಮಾಡಿಯೇ ಅವರು ಗಟ್ಟಿಯಾಗಿದ್ದರೆ, ಕೆಲಸ ಬಿಡಿಸಿದರೆ ಮೆತ್ತಗಾಗಬೇಕಲ್ಲ! ಪಂದ್ಯಕ್ಕೆ ಎಂಟು ದಿನ ಇದ್ದಾಗ ಮತ್ತೆ ಗೋಡೆಗೆ ಮುಖ ಮಾಡಿದ.

"ಇದು ಕಡೀ ಪಾಠ. ಕಡೀ ಏಳು ದಿವಸ ಹಗ್ಗಾ ಮುಟ್ಟಬಾರದು, ಗುಡ್ಡಾ ಹತ್ತಬಾರದು. ಉಣ್ಣೂದು, ಮಲಗೂದು. ಕೈಕಾಲು ಸಡಲಬಿಟ್ಟು ಬಿದ್ದುಕೊಂಡಿರಬೇಕು."

"ಅಷ್ಟರೀ?"

"ಅಷ್ಟ."

ಇತ್ತ ಕಚೇರಿಯಲ್ಲಿ ಅವನು ಕನ್ನಡಿ, ಮರದ ಗುಂಡು ಎಲ್ಲ ಬಿಸಾಕಿ, ತನ್ನ ತಂಡವನ್ನು ಪರ್ವತಿಗೆ ಎಳೆದುಕೊಂಡು ಹೋದ. ಗೂಡ್ಸ್ ಶೆಡ್ಡಿನವರು ಏಳು ವಾರದಲ್ಲಿ ಮಾಡಿದ್ದನ್ನು ಸರ್ವೆ ಕಚೇರಿಯವರು ಏಳು ದಿನದಲ್ಲಿ ಮಾಡಬೇಕಾಗಿತ್ತು. ಮೊದಲ ದಿನವೇ ಇಪ್ಪತ್ತು ಸೇರು ಉಸುಕು, ಆರು ಸುತ್ತು. ಆಮೇಲೆ ಮರ. ಆಮೇಲೆ ಇಲ್ಲದ ಕುರ್ಚಿ.

"ಈರಬಸಪ್ಪನವರ, ನನಗ ಮನ್ಯಾಗ ಎರಡ ಹೆಣ್ಣ ಮಕ್ಕಳದಾವ್ರಿ," ಎಂದ ಕಾಡಪ್ಪ, ಐವತ್ತನೇ ಮೆಟ್ಟಿಲ ಮೇಲೆ ಕವುಚಿ ಮಲಗಿ.

"ಏಳ್ರಿ, ಏಳ್ರಿ! ವಿಜ್ಞಾನ ಅದ ಇದು."

"ಹೋದ ತಿಂಗಳ ಉಸಿರಾಡೂದು ವಿಜ್ಞಾನ ಅಂದಿದ್ರಿ. ಈಗ ಅದೂ ಆಗವಲ್ದು."

ಬುಧವಾರದ ಹೊತ್ತಿಗೆ ಸರ್ವೆ ಕಚೇರಿಯ ಕೆಲಸ ಅರ್ಧಕ್ಕೆ ನಿಂತಿತು. ಕುಳಿತವರು ಏಳಲಾರರು, ಎದ್ದವರು ಕೂಡಲಾರರು. ಕಾಡಪ್ಪ ಮಾಳಿಗೆಯ ಮೆಟ್ಟಿಲನ್ನು ಹಿಮ್ಮುಖವಾಗಿ, ಪಕ್ಕದ ಕಟಕಟೆ ಹಿಡಿದು, ಒಂದೊಂದಕ್ಕೂ ಅವ್ವನನ್ನು ಕರೆಯುತ್ತ ಇಳಿಯುತ್ತಿದ್ದ. ಮೇಲಿನ ಕಪಾಟಿನ ನಕಾಶೆ ತೆಗೆಯಲು ಒಬ್ಬರಿಗೂ ಕೈ ಎತ್ತಲಾಗದೆ, ಸ್ವತಃ ಮಧುಕರರಾವ್ ಸಾಹೇಬರೇ ಸ್ಟೂಲು ಹತ್ತಬೇಕಾಯಿತು. ಗೋಡೆಯಾಚೆಯಿಂದ ದಿಗಂಬರನ ಗೊರಕೆ ಮಾತ್ರ ಸಂಜೆ ಏಳಕ್ಕೇ ಶುರುವಾಗುತ್ತಿತ್ತು.

ಭಾನುವಾರ ಬಂತು. ಮೈದಾನದ ಸುತ್ತ ಸಾವಿರಾರು ಜನ. ಚೀಟಿ ಎತ್ತಿದರೆ ಈ ವರ್ಷವೂ ಮೊದಲ ಸುತ್ತಿನಲ್ಲಿ ಸರ್ವೆ ಕಚೇರಿಗೆ ಗೂಡ್ಸ್ ಶೆಡ್ಡೇ ಬಿತ್ತು. ಈರಬಸಪ್ಪ ಧೋತರ ಬಿಟ್ಟು ಖಾಕಿ ಚಡ್ಡಿ ಹಾಕಿಕೊಂಡು ಬಂದಿದ್ದ. ಹಗ್ಗ ಹಿಡಿಯಲು ಬಗ್ಗಿದಾಗ ಸರ್ವೆ ಕಚೇರಿಯ ಎಂಟೂ ಬಾಯಿಂದ ಒಟ್ಟಿಗೇ ಒಂದು ನರಳಿಕೆ ಹೊರಟಿತು. ಅದು ಯುದ್ಧದ ಕೂಗೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಸೀಟಿ ಊದಿತು. ಕಾಡಪ್ಪನ ಮೀನಖಂಡಕ್ಕೆ ಸೆಳೆತ ಬಂದು ಅವನು ಕುಳಿತುಬಿಟ್ಟ; ಕುಳಿತವನನ್ನು ಹಗ್ಗ ಹುಲ್ಲಿನ ಮೇಲೆ ಬಂಡಿಯಂತೆ ಎಳೆದುಕೊಂಡು ಹೋಯಿತು. ಎರಡನೆಯ ಜಗ್ಗಾಟವೂ ಅಷ್ಟೇ. ಹಿಂದಿನ ವರ್ಷಕ್ಕಿಂತ ನಾಲ್ಕು ಉಸಿರು ಹೆಚ್ಚು ನಿಂತರೆನ್ನುವುದೊಂದೇ ಸಮಾಧಾನ.

ಈರಬಸಪ್ಪನಿಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಕಾಲು ಬಾರದ್ದರಿಂದ ಗೆರೆಯ ಹತ್ತಿರವೇ ಕುಳಿತು ಉಳಿದ ಪಂದ್ಯ ನೋಡಿದ. ಗೂಡ್ಸ್ ಶೆಡ್ಡಿನವರು ಅಂಚೆಯವರನ್ನು ಸೋಲಿಸಿದರು, ಪುರಸಭೆಯವರನ್ನು ಸೋಲಿಸಿದರು. ಕೊನೆಯ ಪಂದ್ಯಕ್ಕೆ ಎದುರಾದವರು ದಂಡಿನ ಬಿಳಿಯ ಸಿಪಾಯಿಗಳು, ಕ್ಯಾಂಪಿನ ಗೋರಾಗಳು. ಆರು ವರ್ಷಗಳಿಂದ ಗೆದ್ದವರಿಗೆ ಕೊಡುವ ಬೆಳ್ಳಿಯ ಕಪ್ಪು ಅವರ ಬಳಿಯೇ ಇತ್ತು. ಹಿತ್ತಾಳೆಯ ಗುಂಡಿಯಂತೆ ಎಂಟೂ ಜನ ಒಂದೇ ಅಚ್ಚು. ಬೂಟಿನ ಹಿಮ್ಮಡಿ ನೆಲಕ್ಕೆ ಊರಿದರೆ ಮೊಳೆ ಹೊಡೆದಂತೆ.

ಮೊದಲನೆಯದನ್ನು ಗೋರಾಗಳು ಗೆದ್ದರು. ಎರಡನೆಯದನ್ನು ಗೂಡ್ಸ್ ಶೆಡ್ಡು ಗೆದ್ದಿತು. ಮೂರನೆಯದಕ್ಕೆ ಮೈದಾನವೆಲ್ಲ ಎದ್ದು ನಿಂತಿತು.

ಸೀಟಿ ಊದಿದಾಗ ದಿಗಂಬರನ ಜನ ಜಗ್ಗಲಿಲ್ಲ. ಸೊಂಟ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಈರಬಸಪ್ಪ ಕತ್ತು ಚಾಚಿ ನೋಡಿದ. ಅದು ಅವನ ಕುರ್ಚಿ! ಗೋರಾಗಳು ಜಗ್ಗಿದರು, ಆಲದ ಮರವನ್ನು ಹಿಡಿದು ಹಿಡಿದು ರೂಢಿಯಾದ ಹದಿನಾರು ಕೈಗಳು ಹಗ್ಗವನ್ನು ಒಂದಿಂಚೂ ಬಿಡಲಿಲ್ಲ. ಒಂದು ನಿಮಿಷ ಕಳೆಯಿತು. ಗೋರಾಗಳ ಮುಖ ಕೆಂಪಾಗಿ ಆಮೇಲೆ ನೇರಳೆಯಾಯಿತು. ಎರಡು ನಿಮಿಷ. ಮುಂದಿನ ಸಿಪಾಯಿಯ ಬಾಯಿ ತೆರೆಯಿತು. ಗುಡ್ಡ ಹತ್ತಿದ ದಿಗಂಬರ ಮೂಗಿನಿಂದಲೇ ಉಸಿರಾಡುತ್ತಿದ್ದ. ಆಗ ಅವನು "ಏಕ್!" ಎಂದ. ಹದಿನಾರು ಕಾಲು ಒಂದು ಗೇಣು ಹಿಂದೆ ಸರಿದವು. "ದೋನ್!" ಇನ್ನೊಂದು ಗೇಣು.

"ತೀನ್!" ಎಂದು ಒದರಿದವನು ಈರಬಸಪ್ಪ. ಅವನಿಗೇ ಗೊತ್ತಿಲ್ಲದೆ ಎದ್ದು ನಿಂತಿದ್ದ. ಮೈಕೈ ನೋವು ನೆನಪಿರಲಿಲ್ಲ. "ಚಾರ್! ಕೂಡ್ರಿ, ಕೆಳಗ ಕೂಡ್ರಿ! ಏಳಬ್ಯಾಡ್ರೀ! ಪಾಂಚ್!" ಗಂಟಲು ಹರಿಯುವ ಹಾಗೆ ಎಣಿಸಿದ. ಒಂಬತ್ತಕ್ಕೆ ಗೋರಾಗಳ ಸಾಲು ಮುರಿದು ಒಬ್ಬರ ಮೇಲೊಬ್ಬರು ಬಿದ್ದರು.

ಮೈದಾನ ಹುಚ್ಚಾಯಿತು. ಟೋಪಿಗಳು, ಪಗಡಿಗಳು ಆಕಾಶಕ್ಕೆ ಹಾರಿದವು. ದಿಗಂಬರನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಅವನು ಅದನ್ನು ತೆಗೆದು, ಜನರನ್ನು ಸರಿಸಿಕೊಂಡು ನೇರವಾಗಿ ಈರಬಸಪ್ಪನ ಹತ್ತಿರ ಬಂದು ಅವನ ಕೊರಳಿಗೆ ಹಾಕಿದ. ಬೇಡ ಬೇಡ ಎನ್ನುವಷ್ಟರಲ್ಲಿ ಗೂಡ್ಸ್ ಶೆಡ್ಡಿನವರು ಈರಬಸಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು.

"ಹೇಚ್ ಆಮಚೇ ಗುರೂ!" ಎಂದು ದಿಗಂಬರ ಮರಾಠಿಯಲ್ಲಿ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ. ಇವರೇ ನಮ್ಮ ಗುರುಗಳು, ನಮಗೆ ಕಲಿಸಿದ್ದೆಲ್ಲ ಇವರೇ ಎಂದು ಸಾರಿದ.

ಹೆಗಲ ಮೇಲಿನಿಂದ ಈರಬಸಪ್ಪನಿಗೆ ಮೈದಾನದ ಮೂಲೆಮೂಲೆಯೂ ಕಾಣುತ್ತಿತ್ತು. ಶಾಮಿಯಾನದ ಕೆಳಗೆ ಮಧುಕರರಾವ್ ಸಾಹೇಬರು ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದದ್ದು ಕಂಡಿತು. ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತ ತನ್ನ ಏಳು ಜನ ಕಂಡರು. ಕಾಡಪ್ಪ ಎದ್ದು ಬರಲು ಪ್ರಯತ್ನಿಸುತ್ತಿದ್ದ. ಏಳಲಾಗದ್ದು ಈರಬಸಪ್ಪನ ಪುಣ್ಯ.

ಸೋಮವಾರ ಬೆಳಿಗ್ಗೆ ಸಾಹೇಬರ ಕೋಣೆಗೆ ಕರೆ ಬಂತು. ಬಾಗಿಲ ಹೊರಗೆ ಏಳು ಜನ ಕಿವಿಗೊಟ್ಟು ನಿಂತಿದ್ದರು.

"ನಾನು ಅರ್ಧ ತಾಸು ಮೊದಲೇ ಬಿಟ್ಟದ್ದು ನಮ್ಮ ತಂಡಕ್ಕೆ ಕಲಿಸಲಿಕ್ಕೆ," ಎಂದರು ಮಧುಕರರಾವ್ ಮರಾಠಿಯಲ್ಲಿ, ಪ್ರತಿ ಶಬ್ದವನ್ನೂ ಬಿಡಿಬಿಡಿಯಾಗಿ. "ಅವರಿಗೆ ಕಲಿಸಿದ್ದೇಕೆ?"

ಈರಬಸಪ್ಪ ಸುಳ್ಳು ಹೇಳಲು ಬಾಯಿ ತೆರೆದ. ಎರಡು ತಿಂಗಳಲ್ಲಿ ಇದ್ದ ಸುಳ್ಳೆಲ್ಲ ಮುಗಿದುಹೋಗಿತ್ತು. "ಅವರನ್ನು ಹಾಳು ಮಾಡಬೇಕೆಂದು ಕಲಿಸಿದೆ, ಸಾಹೇಬ್," ಎಂದು ಶುರುಮಾಡಿ ಹಲಗೆ ಗೋಡೆಯಿಂದ ಕೊನೆಯ ಪಾಠದ ತನಕ ಎಲ್ಲವನ್ನೂ ಹೇಳಿಬಿಟ್ಟ. ಸಾಹೇಬರು ಮೇಜಿನ ಮೇಲಿನ ಒತ್ತುಕಾಗದವನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಕಾಗದ ಅಲುಗುತ್ತಿತ್ತು.

"ಹೊರಗೆ ಹೋಗು," ಎಂದರು ಅದರ ಹಿಂದಿನಿಂದ. "ನಿನ್ನನ್ನು ಏನು ಮಾಡಬೇಕೆಂದು ಅವರೇ ಹೇಳಲಿ."

ಹೊರಗೆ ಕಾಡಪ್ಪ ಗೋಡೆ ಹಿಡಿದು ನಿಂತಿದ್ದ. ಈರಬಸಪ್ಪ ತಲೆ ತಗ್ಗಿಸಿದ.

"ಎಲ್ಲಾ ಕೇಳಿದ್ವಿ," ಎಂದ ಕಾಡಪ್ಪ. "ಒಂದ ಹೇಳ್ರಿ. ನಮಗ ಖರೇ ಖರೇ ಹೇಳಿಕೊಟ್ಟದ್ದಕ್ಕ ನಾವು ಹಿಂಗಾದ್ವಿ?"

"ಹೂಂ."

"ಅವರಿಗೆ ಸುಳ್ಳ ಹೇಳಿದ್ದಕ್ಕ ಅವರು ಹಂಗಾದ್ರು?"

"ಹೂಂ."

"ಹಂಗಾದ್ರ ಇನ್ನ ಮ್ಯಾಲ ನಮಗೂ ಸುಳ್ಳ ಹೇಳ್ರಿ. ನಮ್ಮನ್ನೂ ಹಾಳ ಮಾಡ್ರಿ." ಕಾಡಪ್ಪನ ಮುಖದಲ್ಲಿ ನಗುವಿರಲಿಲ್ಲ. ಉಳಿದ ಆರು ಜನ ಗಂಭೀರವಾಗಿ ತಲೆ ಆಡಿಸಿದರು.

ಆ ಸಂಜೆ ಈರಬಸಪ್ಪ ಬಾವಿಕಟ್ಟೆಗೆ ಹೋಗಿ ದಿಗಂಬರನ ಎದುರು ನಿಂತ. ಗುರು ಎಂದು ಕರೆದವನಿಗೆ ನಿಜ ಹೇಳದೆ ಮನಸ್ಸು ತಡೆಯಲಿಲ್ಲ.

"ದಿಗಂಬರರಾವ, ನಾ ಓದಿದ್ದು ಪಾಠ ಅಲ್ಲರೀ. ನಿಮ್ಮನ್ನ ದಣಿಸಿ ಸಾಯಿಸಬೇಕಂತ ನಾನ ಹೊಸದದ್ದು."

ದಿಗಂಬರ ಕೊಡವನ್ನು ಕೆಳಗಿಟ್ಟು ನಕ್ಕ. "ಗೊತ್ತದರೀ. ಹೆಂಡತಿಗೆ ಓದಿ ಹೇಳೂ ಮನಶ್ಯಾ ಗ್ವಾಡಿಗೆ ಮಾರಿ ಮಾಡಿ ಒದರತಾನೇನು? ಹಲಗಿ ಸಂದ್ಯಾಗಿಂದ ನಿಮ್ಮ ಮೀಸಿ ಸೈತ ಕಾಣತಿತ್ತು."

ಈರಬಸಪ್ಪ ತನ್ನ ಮೀಸೆ ಮುಟ್ಟಿ ನೋಡಿಕೊಂಡ. "ಮತ್ತ ಯಾಕ ಮಾಡಿದ್ರಿ?"

"ಮೊದಲ ಚೇಷ್ಟಾಕ್ಕ ಮಾಡಿದ್ವಿ. ಈ ಮನಶ್ಯಾ ಎಲ್ಲಿತನಕಾ ಹೋಗತಾನ ನೋಡೂಣು ಅಂತ. ಮೂರ್ನೇ ವಾರ ನಮ್ಮ ಹುಡುಗ್ರು ಅಂದ್ರು, ವ್ಯಾಗನ್ ಖಾಲಿ ಮಾಡೂದು ಹಗುರ ಆಗ್ಯದ ಅಂತ. ಅಲ್ಲಿಂದ ನಿಮ್ಮ ಸುಳ್ಳಿಗೆ ದಿನಾ ಕಾಯತಿದ್ವಿ. ಏಳ ದಿನ ಮಲಗ್ರಿ ಅಂದಾಗ ಮಾತ್ರ ನನಗ ಸಂಶೇ ಬಂತು. ಆದ್ರ ಎಲ್ಲಾರ ಮೊಣಕಾಲೂ ನೋಯತಿದ್ದು. ಮಲಗಿದ್ವಿ. ಐದ್ನೇ ದಿನಕ್ಕ ಎದ್ದು ಜಿಗದ್ರ ಮಾಳಿಗಿ ಮುಟ್ಟತೀನೇನೋ ಅನಸ್ತು."

ಬಾಗಿಲ ಹಿಂದೆ ಬಸವಣ್ಣೆವ್ವ ಬಿದ್ದು ಬಿದ್ದು ನಗುವುದು ಕೇಳಿಸಿತು. ಈರಬಸಪ್ಪನಿಗೂ ತಡೆಯಲಾಗಲಿಲ್ಲ. ಇಬ್ಬರು ಗಂಡಸರೂ ಬಾವಿಕಟ್ಟೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮೈಕೈ ನೋವು ಇಳಿದ ಮೇಲೆ ಫೆಬ್ರವರಿಯಲ್ಲಿ ಸರ್ವೆ ಕಚೇರಿಯವರು ಮತ್ತೆ ಪರ್ವತಿಗೆ ಹೋದರು. ಈ ಸಲ ಹತ್ತೇ ಸೇರು ಉಸುಕು, ಎರಡೇ ಸುತ್ತು. ಮೂರನೆಯದಕ್ಕೆ ಯಾರಾದರೂ ಹುರುಪಿನಿಂದ ಹೊರಟರೆ ಈರಬಸಪ್ಪ ಅಡ್ಡ ನಿಲ್ಲುತ್ತಿದ್ದ. ದಿಗಂಬರ ಎಣಿಸುವವನಾಗಿ ಬರುತ್ತಿದ್ದ. ಎಲ್ಲರ ನಾಡಿಯನ್ನು ತುದಿಯಲ್ಲಿ ಹಿಡಿದು, ಎಷ್ಟು ನಿಮಿಷಕ್ಕೆ ಇಳಿಯಿತೆಂದು ಈರಬಸಪ್ಪ ಬರೆದುಕೊಳ್ಳುತ್ತಿದ್ದ. ಎದೆಯ ಅಳತೆಯನ್ನು ಬಿಟ್ಟುಬಿಟ್ಟಿದ್ದ. ಮಳೆಗಾಲ ಬರುವ ಹೊತ್ತಿಗೆ ಅವನ ಸ್ವಂತ ನಾಡಿ ನಾಲ್ಕು ನಿಮಿಷದಲ್ಲಿ ಎಂಬತ್ತಕ್ಕೆ ಬರತೊಡಗಿತು; ಊಟಕ್ಕೆ ಮೂರನೆಯ ರೊಟ್ಟಿ ಕೇಳಿ ಬಸವಣ್ಣೆವ್ವನನ್ನು ಗಾಬರಿಗೊಳಿಸಿದ.

ಮರುವರ್ಷ ಸರ್ವೆ ಕಚೇರಿ ಕಪ್ಪು ಗೆದ್ದಿತೆಂದು ಹೇಳಿದರೆ ಅದು ತಪ್ಪಾಗುತ್ತದೆ. ಮೊದಲ ಸುತ್ತಿನಲ್ಲಿ ಅಂಚೆಯವರನ್ನು ಸೋಲಿಸಿದರು. ಹನ್ನೊಂದು ವರ್ಷಗಳಲ್ಲಿ ಕಚೇರಿಯ ಮೊದಲ ಗೆಲುವು ಅದು. ಮಧುಕರರಾವ್ ಸಾಹೇಬರು ಎಂಟೂ ಜನರನ್ನು ಸಂಕಪ್ಪನ ಹೋಟೆಲಿಗೆ, ಮುಂಬಾಗಿಲಿನಿಂದಲೇ, ಕರೆದುಕೊಂಡು ಹೋದರು. ಎರಡನೆಯ ಸುತ್ತಿನಲ್ಲಿ ಗೂಡ್ಸ್ ಶೆಡ್ಡಿನವರ ಎದುರು ಮೂರೂವರೆ ನಿಮಿಷ ನಿಂತು ಸೋತರು. ಹಗ್ಗ ಕೈಬಿಟ್ಟ ಮೇಲೆ ಈರಬಸಪ್ಪ ಮತ್ತು ದಿಗಂಬರ ಹುಲ್ಲಿನ ಮೇಲೆ ಎದುರುಬದುರು ಕುಳಿತು, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದು, ಯಾರ ನಾಡಿ ಮೊದಲು ಇಳಿಯುತ್ತದೆಂದು ಗಡಿಯಾರ ನೋಡುತ್ತ ಜಗಳ ಶುರುಮಾಡಿದರು.